ಫೈಲ್ ನಮ್ಮದು, ತೆರೆಯುವ ಹಕ್ಕು ಯಾರದ್ದು?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಈ ವಿಷಯ ಕೇಳಲು ಇಷ್ಟು ಜನ ಬಂದಿರುವುದು ನನಗೆ ನಿಜವಾಗಿ ಖುಷಿ ಕೊಟ್ಟಿದೆ. ನಿಮ್ಮಲ್ಲಿ ಡಿಟಿಪಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ, ಮಾಡುವವರಿದ್ದೀರಿ, ಶಾಲೆಯ ಟೀಚರುಗಳಿದ್ದೀರಿ, ಸ್ಮರಣ ಸಂಚಿಕೆಯ ಜವಾಬ್ದಾರಿ ಹೊತ್ತವರಿದ್ದೀರಿ, ಸಹಕಾರಿ ಸಂಘದ ವಾರ್ಷಿಕ ವರದಿ ತಯಾರಿಸುವವರೂ ಇದ್ದೀರಿ. ಫೈಲನ್ನು ಇನ್ನೊಬ್ಬರಿಗೆ ಕಳಿಸುವ ಕೆಲಸ ಎಲ್ಲರಿಗೂ ಇದೆ. ಕಳಿಸಿದ್ದು ಆ ಕಡೆ ತೆರೆಯುತ್ತದಾ ಅನ್ನುವುದೇ ಇವತ್ತಿನ ಮಾತು.

ಫೈಲ್ ಅಂದರೆ ಒಳಗೆ ಬರೀ ಸಂಖ್ಯೆಗಳು. ಯಾವ ಸಂಖ್ಯೆ ಅಕ್ಷರ, ಯಾವುದು ದಪ್ಪಕ್ಷರದ ಗುರುತು, ಪುಟ ಎಲ್ಲಿ ಮುಗಿಯುತ್ತದೆ ಅಂತ ಹೇಳುವ ನಿಯಮವೇ ಫಾರ್ಮ್ಯಾಟ್. ಆ ನಿಯಮವನ್ನು ಪ್ರಕಟಿಸಿ, ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು ಅಂತ ಬಿಟ್ಟುಕೊಟ್ಟರೆ ಅದು ಮುಕ್ತ ಫಾರ್ಮ್ಯಾಟ್. ನಿಯಮ ಕಂಪನಿಯ ಒಳಗೇ ಉಳಿದರೆ, ಮನೆ ನಮ್ಮದಾದರೂ ಬೀಗದ ಕೈ ಅಂಗಡಿಯವನ ಹತ್ತಿರವೇ ಉಳಿದ ಹಾಗೆ. ಅಂಗಡಿ ಮುಚ್ಚಿದರೆ ನಾವು ಹೊರಗೆ.

ನಮ್ಮ ಕರಾವಳಿಯಲ್ಲಿ ಇದು ಬರೀ ಊಹೆಯಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ನಿಮಗೆ ನೆನಪಿದೆ ಅಲ್ವಾ? 1985ರಲ್ಲಿ ಆಲ್ಡಸ್ ಕಂಪನಿ ತಂದದ್ದು. 1994ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. 2001ರಲ್ಲಿ ಬಂದ ಏಳನೇ ಆವೃತ್ತಿಯೇ ಕೊನೆಯದು. ಮಂಗಳೂರು, ಉಡುಪಿ, ಕುಂದಾಪುರದ ಡಿಟಿಪಿ ಸೆಂಟರುಗಳಲ್ಲಿ ಮಾತ್ರ ಅದು ಆಮೇಲೂ ಎಷ್ಟೋ ವರ್ಷ ಓಡಿತು. ಬ್ರಹ್ಮಕಲಶೋತ್ಸವದ ಸಂಚಿಕೆ, ಶಾಲೆಯ ಶತಮಾನೋತ್ಸವದ ಪುಸ್ತಕ, ಯಕ್ಷಗಾನ ಪ್ರಸಂಗ, ಮದುವೆ ಕಾಗದ, ಎಲ್ಲವೂ ಅದರಲ್ಲೇ. ಒಂದು ಊರಿನ ಚರಿತ್ರೆ, ದೈವಸ್ಥಾನದ ಕಟ್ಟುಕಟ್ಟಳೆ, ಹಿರಿಯ ಭಾಗವತರ ಸಂದರ್ಶನ ಇರುವುದು ಅಂಥ ಸಂಚಿಕೆಯಲ್ಲಿ ಮಾತ್ರ. ಬೇರೆ ಎಲ್ಲೂ ಸಿಗುವುದಿಲ್ಲ.

1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ವನ್ನು ಇವತ್ತು ಕೈಗೆ ಕೊಟ್ಟರೂ ಓದಬಹುದು. 1894ರಲ್ಲಿ ಬಾಸೆಲ್ ಮಿಶನ್ ಪ್ರೆಸ್ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟನ್ನೂ ಓದಬಹುದು. ಯಾರ ಅನುಮತಿಯೂ ಬೇಡ. ಅದೇ ಊರಿನ 2001ರ ಫೈಲ್ ಇವತ್ತಿನ ಕಂಪ್ಯೂಟರಿನಲ್ಲಿ ತೆರೆಯಲಿಕ್ಕೆ ಒದ್ದಾಡಬೇಕು. ಇದು ನನಗೆ ತುಂಬಾ ಬೇಸರದ ಸಂಗತಿ.

ಕನ್ನಡಕ್ಕೆ ಇನ್ನೂ ಒಂದು ತೊಡಕು ಇದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನುಡಿ, ಬರಹ ಎನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿ. ಪರದೆಯ ಮೇಲೆ ಮುದ್ದಾಗಿ ಕಾಣುತ್ತದೆ. ಈಗ ಆ ಫಾಂಟ್ ತೆಗೆದು ಸಾದಾ ಇಂಗ್ಲಿಷ್ ಫಾಂಟ್ ಹಾಕಿ. ಮೊದಲು ಇಂಗ್ಲಿಷಿನ ಪಿ ಅಕ್ಷರ, ಆಮೇಲೆ ನೆತ್ತಿಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ನಂತರ ಜರ್ಮನ್ ಭಾಷೆಯ ಒಂದು ಅಕ್ಷರ. ಏನಿದು? ಆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಪಿ ಜಾಗದಲ್ಲಿ ಕ ಅಕ್ಷರದ ಮೈ, ಗೀಟಿನ ಎ ಜಾಗದಲ್ಲಿ ತಲೆಕಟ್ಟು. ಎರಡು ಸೇರಿದಾಗ ನಮ್ಮ ಕಣ್ಣಿಗೆ ಕ. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ಆ ಫೈಲಿನಲ್ಲಿ ‘ಕಟೀಲು’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ.

ಯೂನಿಕೋಡ್‌ನಲ್ಲಿ, ಅಂದರೆ ಬೇರೆ ಬೇರೆ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಮಾನದಂಡದಲ್ಲಿ, ಹಾಗಲ್ಲ. ಅಲ್ಲಿ ಕ ಅಕ್ಷರಕ್ಕೆ 3221 ಅನ್ನುವ ಸಂಖ್ಯೆ ಇದೆ. ಬೇರೆ ಯಾವ ಅಕ್ಷರಕ್ಕೂ ಆ ಸಂಖ್ಯೆ ಇಲ್ಲ. ಉಡುಪಿಯಲ್ಲಿ ಬರೆದರೂ ದುಬೈಯಲ್ಲಿ ತೆರೆದರೂ ಕ ಅಂದರೆ ಕ. ಡಿಟಿಪಿಯವರು ಹಳೆಯದಕ್ಕೇ ಅಂಟಿಕೊಂಡರು ಅಂತ ಬೈಯುವವರಿದ್ದಾರೆ. ಅದು ಸರಿಯಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ಬರುತ್ತಲೇ ಇರಲಿಲ್ಲ. ಅವರ ಕೈಯಲ್ಲಿ ಇದ್ದ ಸಾಮಾನಿನಲ್ಲಿ ಅವರು ಚಂದದ ಕೆಲಸ ಮಾಡಿದ್ದಾರೆ.

ತುಳುವಿಗೆ ಈ ಜಾಗ ಸಿಗಲು 2024ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ತುಳು-ತಿಗಳಾರಿ ಲಿಪಿ ಬಂದದ್ದು ಯೂನಿಕೋಡ್ 16ರಲ್ಲಿ. ಅದಕ್ಕೆ ಮುಂಚಿನ ಕೆಲವು ತುಳು ಫಾಂಟುಗಳು ಕನ್ನಡದ ಸಂಖ್ಯೆಗಳ ಮೇಲೇ ತುಳು ಆಕಾರ ಕೂರಿಸಿಕೊಂಡಿದ್ದವು. ಫಾಂಟ್ ಇಲ್ಲದ ಫೋನಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ತುಳು ಲಿಪಿಯಲ್ಲಿ ಈಗ ಕೆಲಸ ಶುರು ಮಾಡುವವರು ದಯವಿಟ್ಟು ಹೊಸ ಸಂಖ್ಯೆಗಳಲ್ಲೇ ಶುರು ಮಾಡಿ.

ಈಗ ವರ್ಡ್ ಫೈಲಿನ ವಿಷಯ. ಹಳೆಯ ಡಾಕ್ ಫಾರ್ಮ್ಯಾಟಿನ ನಿಯಮವನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಸಿಗುವಂತೆ ಇಟ್ಟದ್ದು 2008ರಲ್ಲಿ. ಅಷ್ಟರಲ್ಲಿ ಓಡಿಎಫ್ ಅನ್ನುವ ಮುಕ್ತ ಫಾರ್ಮ್ಯಾಟ್ ಬಂದಾಗಿತ್ತು. 2006ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವೂ ಆಯಿತು. ಮೈಕ್ರೋಸಾಫ್ಟ್ ಡಾಕ್ ನಂತರ ತಂದ ತನ್ನ ಹೊಸ ಡಾಕ್ಸ್ ಕುಟುಂಬವನ್ನೂ ಅದೇ ದಾರಿಗೆ ತಂದಿತು. ಆ ನಿಯಮಾವಳಿ ಆರು ಸಾವಿರ ಪುಟಕ್ಕೂ ಜಾಸ್ತಿ. ಅದನ್ನು ಅಂತಾರಾಷ್ಟ್ರೀಯ ಮಾನದಂಡ ಮಾಡಬೇಕಾ ಅನ್ನುವ ಮತದಾನದಲ್ಲಿ ಭಾರತ ವಿರುದ್ಧ ಮತ ಹಾಕಿತು. 2008ರಲ್ಲಿ ಅದು ಪಾಸಾದ ಮೇಲೆ ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾ ಜೊತೆ ಸೇರಿ ಮೇಲ್ಮನವಿಯನ್ನೂ ಸಲ್ಲಿಸಿತು. ಮೇಲ್ಮನವಿ ಬಿದ್ದುಹೋಯಿತು. ಆದರೂ ನಮ್ಮ ದೇಶ ಅಷ್ಟು ಗಟ್ಟಿಯಾಗಿ ನಿಂತದ್ದು ನನಗೆ ಹೆಮ್ಮೆ. 2010ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿಯನ್ನೂ ತಂದಿತು. 2014ರಲ್ಲಿ ಬ್ರಿಟನ್ ಸರ್ಕಾರ, ತಿದ್ದಬೇಕಾದ ದಾಖಲೆಗಳನ್ನು ಹಂಚಲು ಓಡಿಎಫ್ ಅನ್ನೇ ಆರಿಸಿಕೊಂಡಿತು.

ಹಾಗಾದರೆ ಡಾಕ್ಸ್ ಕೆಟ್ಟದ್ದಾ? ಅಷ್ಟು ಸರಳವಲ್ಲ. ಹಳೆಯ ಡಾಕ್‌ಗಿಂತ ಅದು ಸಾವಿರ ಪಾಲು ವಾಸಿ. ಆದರೆ ಅದರ ನಿಯಮದಲ್ಲಿ ಹಳೆಯ ವರ್ಡಿನ ಚಾಳಿಗಳೆಲ್ಲ ತುಂಬಿಕೊಂಡಿವೆ. ಬೇರೆ ಸಾಫ್ಟ್‌ವೇರಿನಲ್ಲಿ ತೆರೆದಾಗ ಟೇಬಲ್ ಜಾರುವುದು, ಪುಟ ಓಡುವುದು ಅದರಿಂದಲೂ ಆಗುತ್ತದೆ.

ಮನೆಗೆ ಹೋಗಿ ಒಂದು ಕೆಲಸ ಮಾಡಿ ನೋಡಿ. ಲಿಬ್ರೆ ಆಫೀಸ್ ಎನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಓಡಿಟಿ ಫೈಲಾಗಿ, ಅಂದರೆ ಓಡಿಎಫ್‌ನ ಬರಹದ ಫೈಲಾಗಿ, ಉಳಿಸಿ. ಆ ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯ ಓಡಿಟಿಯನ್ನು ಜಿಪ್ ಅಂತ ಬದಲಿಸಿ, ಬಿಚ್ಚಿ. ಒಳಗೆ ನಾಲ್ಕಾರು ಸಣ್ಣ ಫೈಲುಗಳಿರುತ್ತವೆ. ಕಂಟೆಂಟ್ ಅನ್ನುವ ಹೆಸರಿನದ್ದನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೆ, ಗುರುತುಗಳ ನಡುವೆ ನಿಮ್ಮ ನಾಲ್ಕು ಸಾಲು ಹಾಗೇ ಕನ್ನಡದಲ್ಲಿ ಕಾಣುತ್ತದೆ. ನಾಳೆ ಲಿಬ್ರೆ ಆಫೀಸೇ ಇಲ್ಲದಿದ್ದರೂ ನಿಮ್ಮ ಬರಹ ಎಲ್ಲೂ ಹೋಗುವುದಿಲ್ಲ. ನಾನು ಮುಕ್ತ ಅನ್ನುವುದು ಇದಕ್ಕೆ.

ಪಿಡಿಎಫ್ ಸಾಕಲ್ವಾ ಅಂತ ಕೇಳುವವರಿದ್ದೀರಿ. ಓದಲಿಕ್ಕೆ ಮಾತ್ರ ಆದರೆ ಸಾಕು. 1993ರಲ್ಲಿ ಅಡೋಬಿ ತಂದ ಪಿಡಿಎಫ್ 2008ರಲ್ಲಿ ಅಂತಾರಾಷ್ಟ್ರೀಯ ಮಾನದಂಡವಾಯಿತು. ಬಹುಕಾಲ ಕಾಪಿಡುವುದಕ್ಕೆಂದೇ ಪಿಡಿಎಫ್-ಎ ಅಂತ ಒಂದಿದೆ. ಅದರಲ್ಲಿ ಫಾಂಟ್ ಫೈಲಿನ ಒಳಗೇ ಇರಬೇಕು. ಆದರೆ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ನೋಡಲು ಮಾತ್ರ ಕನ್ನಡ. ಅದರಿಂದ ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಮತ್ತೆ ಅದೇ ಪಿ, ಪೌಂಡ್. ಪುಟದ ಫೋಟೋ ಹೊಡೆದು ಪಿಡಿಎಫ್ ಮಾಡಿದರಂತೂ ಅಕ್ಷರವೇ ಇಲ್ಲ. ಕಣ್ಣು ಕಾಣದ ವಿದ್ಯಾರ್ಥಿಗಳು ಎನ್‌ವಿಡಿಎ ಎನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಪಾಠ ಕೇಳಿಸಿಕೊಳ್ಳುತ್ತಾರೆ. ಅದು ಕನ್ನಡ ಓದುತ್ತದೆ. ಆದರೆ ಯೂನಿಕೋಡ್ ಆದರೆ ಮಾತ್ರ. ನಾವು ಕಳಿಸಿದ ನೋಟ್ಸ್ ಒಂದು ಮಗುವಿಗೆ ಪಾಠ, ಇನ್ನೊಂದು ಮಗುವಿಗೆ ಖಾಲಿ ಹಾಳೆ ಆಗಬಾರದು. ಟೀಚರುಗಳಿಗೆ ಇದೊಂದೇ ಕಾರಣ ಸಾಕು ಅಂತ ನನ್ನ ನಂಬಿಕೆ.

ಸಂಚಿಕೆಯನ್ನು ಅಚ್ಚಿಗೆ ಕೊಡುವಾಗ ಸಮಿತಿಯವರು ಪ್ರತಿಗಳ ಲೆಕ್ಕ, ಕಾಗದದ ದಪ್ಪ ಎಲ್ಲ ಮಾತಾಡುತ್ತೀರಿ. ಫೈಲಿನ ಮಾತನ್ನೂ ಆಗಲೇ ಆಡಿ. ಕೆಲಸ ಮುಗಿದ ಮೇಲೆ ಯೂನಿಕೋಡ್ ಕನ್ನಡದಲ್ಲಿರುವ ಓಡಿಟಿ ಒಂದು, ಪಿಡಿಎಫ್-ಎ ಒಂದು ನಮಗೆ ಬೇಕು ಅಂತ ಕೊಟೇಶನ್ನಿನಲ್ಲೇ ಬರೆಸಿ. ಪರಿವರ್ತನೆಗೆ, ಮತ್ತೊಮ್ಮೆ ಪ್ರೂಫ್ ನೋಡಲಿಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೆ ಬೇರೆ ದುಡ್ಡು ಕೊಡಿ. ಡಿಟಿಪಿಯವರು ಅದನ್ನು ಪುಕ್ಕಟೆ ಮಾಡಬೇಕು ಅನ್ನುವುದು ನ್ಯಾಯವಲ್ಲ.

ಹಳೆಯ ಫೈಲುಗಳಿಗೂ ದಾರಿ ಇದೆ. ಲಿಬ್ರೆ ಆಫೀಸ್ 2015ರಿಂದ ಪೇಜ್‌ಮೇಕರ್ ಫೈಲುಗಳನ್ನು ತೆರೆಯುತ್ತದೆ. ಪ್ರಕಟವಾಗದ ನಿಯಮವನ್ನು ಸ್ವಯಂಸೇವಕರು ಫೈಲುಗಳನ್ನೇ ಬಿಚ್ಚಿ ನೋಡಿ ಕಂಡುಹಿಡಿದರು. ಎಲ್ಲವೂ ಅಚ್ಚುಕಟ್ಟಾಗಿ ಬರುವುದಿಲ್ಲ, ಪುಟವಿನ್ಯಾಸ ಕೆಡಬಹುದು. ಪಠ್ಯ ಸಿಕ್ಕಿದರೆ ಅದನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತು ಇರುವಲ್ಲಿ ಕಣ್ಣಿಟ್ಟು ನೋಡಬೇಕು, ತಪ್ಪು ಬರುವುದು ಅಲ್ಲೇ ಜಾಸ್ತಿ.

ನಿಮ್ಮ ಮನೆಯ, ಸಂಘದ ಹಳೆಯ ಸಿ.ಡಿ., ಪೆನ್‌ಡ್ರೈವ್ ತಂದವರು ಇದ್ದರೆ ಪ್ರಶ್ನೋತ್ತರ ಆದ ಮೇಲೆ ಇಲ್ಲೇ ಇರಿ. ಲ್ಯಾಪ್‌ಟಾಪ್ ಇದೆ, ಸಿ.ಡಿ. ಡ್ರೈವೂ ತಂದಿದ್ದೇನೆ. ಒಂದೊಂದಾಗಿ ತೆರೆದು ನೋಡೋಣ.