ಮುಚ್ಚಿಯೇ ಉಳಿದ ಎರಡು ಎಲೆಗಳು

ಎಲ್ಲರಿಗೂ ನಮಸ್ಕಾರ. ನನ್ನ ಹಿಂದಿನ ಹಲಗೆಯ ಮೇಲೆ ಐದು ಇಸ್ಪೀಟು ಎಲೆಗಳ ಹೆಸರು ಬರೆದಿದ್ದೇನೆ: ಆಟೀನ್ ರಾಜ, ಆಟೀನ್ ಒಂಬತ್ತು, ಡೈಮಂಡ್ ನಾಲ್ಕು, ಕಳಾವರ್ ಆರು, ಆಟೀನ್ ಎರಡು. ಮಾತು ಮುಗಿಯುವ ತನಕ ಅವು ಅಲ್ಲೇ ಇರಲಿ. 2023ರ ಜುಲೈಯಲ್ಲಿ ಲಾಸ್ ವೇಗಸ್‌ನಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಆಡಿದ ಅನುಭವ ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ನಾನು ಆಡಿದ್ದು ಎರಡು ದಿನ. ಅದರಲ್ಲಿ ನನ್ನನ್ನು ಇಂದಿಗೂ ಬಿಡದಿರುವುದು ನಾಲ್ಕೈದು ನಿಮಿಷಗಳ ಒಂದು ಆಟ ಮಾತ್ರ.

ಮೊದಲು ಈ ಪಂದ್ಯದ ಬಗ್ಗೆ ಎರಡು ಮಾತು. 1970ರಲ್ಲಿ ಬೆನ್ನಿ ಬಿನಿಯನ್ ತಮ್ಮ ಹಾರ್ಸ್‌ಶೂ ಕ್ಯಾಸಿನೋದಲ್ಲಿ ಬೆರಳೆಣಿಕೆಯ ಆಟಗಾರರನ್ನು ಸೇರಿಸಿ ಇದನ್ನು ಶುರು ಮಾಡಿದರು. ಆ ವರ್ಷ ಗೆದ್ದವರು ಯಾರೆಂದು ತೀರ್ಮಾನವಾದದ್ದು ಆಟಗಾರರ ಮತದಿಂದ. ಆಯ್ಕೆಯಾದವರು ಜಾನಿ ಮಾಸ್. 1972ರಲ್ಲಿ ಪ್ರವೇಶ ಶುಲ್ಕ 10,000 ಡಾಲರ್ ಆಯಿತು. ಅರ್ಧ ಶತಮಾನ ಕಳೆದರೂ ಅದು ಒಂದು ಡಾಲರೂ ಏರಿಲ್ಲ. ಹಣ ಕಟ್ಟಿದ ಯಾರೇ ಆಗಲಿ, ವಿಶ್ವ ಚಾಂಪಿಯನ್ನಿನ ಪಕ್ಕದ ಕುರ್ಚಿಯಲ್ಲಿ ಕುಳಿತು ಆಡಬಹುದು. ಇಂಥ ಅವಕಾಶವಿರುವ ದೊಡ್ಡ ಪಂದ್ಯ ಬೇರೆ ಯಾವ ಆಟದಲ್ಲಿದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನಂಥವರು ಅಲ್ಲಿಗೆ ಹೋಗುವ ಧೈರ್ಯ ಮಾಡಿದ್ದು 2003ರ ನಂತರ. ಆ ವರ್ಷ ಟೆನೆಸಿ ರಾಜ್ಯದ ಲೆಕ್ಕಪತ್ರ ನೌಕರ ಕ್ರಿಸ್ ಮನಿಮೇಕರ್ ಅಂತರ್ಜಾಲದಲ್ಲಿ 86 ಡಾಲರ್‌ನ ಅರ್ಹತಾ ಪಂದ್ಯ ಗೆದ್ದು ಮುಖ್ಯ ಪಂದ್ಯಕ್ಕೆ ಬಂದರು. 839 ಜನರಿದ್ದ ಆ ಪಂದ್ಯದಲ್ಲಿ ಎಲ್ಲರನ್ನೂ ದಾಟಿ 25 ಲಕ್ಷ ಡಾಲರ್ ಗೆದ್ದರು. ಮರುವರ್ಷ ಆಟಗಾರರ ಸಂಖ್ಯೆ 2,576ಕ್ಕೆ ಜಿಗಿಯಿತು. 2006ರಲ್ಲಿ ಅದು 8,773. ನಾನು ಆಡಿದ ವರ್ಷ 10,043. ಹತ್ತು ಸಾವಿರದ ಗಡಿ ದಾಟಿದ್ದು ಅದೇ ಮೊದಲು.

ನಾನೂ ಬಂದದ್ದು ಅರ್ಹತಾ ಪಂದ್ಯದ ದಾರಿಯಿಂದಲೇ, ಹತ್ತು ಜನರ ಹಣ ಕೂಡಿದರೆ ಒಬ್ಬರಿಗೆ ಪ್ರವೇಶ ಎಂಬ ಲೆಕ್ಕದಲ್ಲಿ. ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷ ಬಹುಮಾನ ಸಿಕ್ಕಿದ್ದು 1,507 ಜನರಿಗೆ. ಅಂದರೆ ನೂರರಲ್ಲಿ ಎಂಬತ್ತೈದು ಜನ ಬರಿಗೈಯಲ್ಲಿ ಹಿಂತಿರುಗಿದರು. ಸಾಲ ಮಾಡಿ ಅಲ್ಲಿಗೆ ಹೋಗುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಅದನ್ನು ಇವತ್ತೇ ಬಿಟ್ಟುಬಿಡಿ.

ಸಭಾಂಗಣದೊಳಗೆ ಕಾಲಿಟ್ಟಾಗ ಮೊದಲು ಎದುರಾಗುವುದು ಸದ್ದು. ನೂರಾರು ಮೇಜು, ಮೇಜಿಗೆ ಒಂಬತ್ತು ಜನ. ಪ್ರತಿಯೊಬ್ಬರ ಬೆರಳುಗಳೂ ಪಣದ ಬಿಲ್ಲೆಗಳಾದ ಚಿಪ್‌ಗಳನ್ನು ಎತ್ತಿ, ಬೆರೆಸಿ, ಮತ್ತೆ ಜೋಡಿಸುತ್ತಲೇ ಇರುತ್ತವೆ. ನೂರಾರು ಮೊರಗಳಲ್ಲಿ ಒಟ್ಟಿಗೇ ಕಾಳು ಕೇರಿದಂತೆ ಆ ಸದ್ದು. ನನ್ನ ಮುಂದೆ 60,000 ಅಂಕದ ಚಿಪ್‌ಗಳಿದ್ದವು. ಅವನ್ನು ಹಣಕ್ಕೆ ಬದಲಾಯಿಸಲು ಬರುವುದಿಲ್ಲ. ಅವು ಇರುವ ತನಕ ಪಂದ್ಯದಲ್ಲಿರುತ್ತೀರಿ, ಅಷ್ಟೇ. ಪ್ರತಿ ಹಂತ ಎರಡು ಗಂಟೆ, ದಿನಕ್ಕೆ ಐದು ಹಂತ. ಹಂತ ಏರಿದಂತೆ ಬ್ಲೈಂಡ್, ಅಂದರೆ ಎಲೆ ನೋಡುವ ಮುನ್ನವೇ ಸರದಿಯಂತೆ ಇಡಲೇಬೇಕಾದ ಪಣ, ಏರುತ್ತದೆ.

ಆಟ ಗೊತ್ತಿಲ್ಲದವರಿಗಾಗಿ: ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಈ ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿದಾಗ ಯಾರದು ಮೇಲೋ ಅವರು ಗೆದ್ದರು. ನಡುನಡುವೆ ಪಣ ಏರುತ್ತದೆ. ಬೇಡ ಎನಿಸಿದರೆ ಎಲೆ ಮಡಚಿ ಹಿಂದೆ ಸರಿಯಬಹುದು. ಹತ್ತು ಗಂಟೆ ಕುಳಿತರೆ ಅದರಲ್ಲಿ ಬಹುಪಾಲು ಎಲೆ ನೋಡುವುದು, ಮಡಚುವುದು, ಕಾಯುವುದು. ಮನೆಯಲ್ಲಿ ಗೆಳೆಯರ ಜೊತೆ ಆಡುವಾಗ ಯಾರೂ ಅಷ್ಟು ಮಡಚುವುದಿಲ್ಲ. ಎಲೆ ಆಡುವುದನ್ನು ನಾನು ಮನೆಯಲ್ಲೇ ಕಲಿತಿದ್ದೆ, ಕಾಯುವುದನ್ನು ಮಾತ್ರ ಅಲ್ಲಿ ಹೋಗಿ ಕಲಿಯಬೇಕಾಯಿತು.

ಮೂರನೆಯ ಹಂತ. ಬ್ಲೈಂಡ್ 200 ಮತ್ತು 400, ಅದರ ಜೊತೆಗೆ 400ರ ಆಂಟಿ, ಅಂದರೆ ಇಡೀ ಮೇಜಿನ ಪರವಾಗಿ ಒಬ್ಬರು ಇಡುವ ಇನ್ನೊಂದು ಪಣ. ನನ್ನ ಬಳಿ 58,000 ಇತ್ತು. ಎದುರಿಗೆ ವಯಸ್ಸಾದ ಒಬ್ಬರು, ಬಿಳಿ ಗಡ್ಡ, ಮಿತಭಾಷಿ. ಅವರ ಮುಂದಿನ ರಾಶಿ ನನ್ನದಕ್ಕಿಂತ ದೊಡ್ಡದು. ಅವರೇ ಮೊದಲಿಗರಾಗಿ 1,000 ಇಟ್ಟರು. ನನ್ನ ಕೈಯಲ್ಲಿ ಇಸ್ಪೀಟ್ ಒಂಬತ್ತು, ಕಳಾವರ್ ಒಂಬತ್ತು. ನಾನೂ 1,000 ಇಟ್ಟೆ, ಉಳಿದವರು ಮಡಚಿದರು. ಹಲಗೆಯ ಮೊದಲ ಮೂರು ಎಲೆ ನೋಡಿ: ಆಟೀನ್ ರಾಜ, ಆಟೀನ್ ಒಂಬತ್ತು, ಡೈಮಂಡ್ ನಾಲ್ಕು. ನನಗೆ ಮೂರು ಒಂಬತ್ತು ಕೂಡಿದವು. ಜೋಡಿ ಹಿಡಿದವರಿಗೆ ಹೀಗಾಗುವುದು ಎಂಟು ಒಂಬತ್ತು ಸಲಕ್ಕೊಮ್ಮೆ. ಅವರು 1,500 ಇಟ್ಟರು, ನಾನು 4,500ಕ್ಕೆ ಏರಿಸಿದೆ, ಅವರು ಒಪ್ಪಿದರು. ಕಳಾವರ್ ಆರು ಬಂತು. ಅವರು ಸುಮ್ಮನಿದ್ದರು, ನಾನು 7,000 ಇಟ್ಟೆ, ಅವರು ಮತ್ತೆ ಒಪ್ಪಿದರು. ನಡುವೆ 26,000 ಸೇರಿತು.

ಕೊನೆಯ ಎಲೆ ಆಟೀನ್ ಎರಡು. ಈಗ ಮೇಜಿನ ಮೇಲೆ ಮೂರು ಆಟೀನ್. ಯಾರ ಕೈಯಲ್ಲಾದರೂ ಎರಡು ಆಟೀನ್ ಇದ್ದರೆ ಅದು ಫ್ಲಶ್, ಅಂದರೆ ಐದೂ ಆಟೀನ್. ನನ್ನ ಮೂರು ಒಂಬತ್ತು ಅದರ ಮುಂದೆ ನಿಲ್ಲುವುದಿಲ್ಲ. ಆ ಹಿರಿಯರು ಎಲೆಯನ್ನೊಮ್ಮೆ ನೋಡಿದರು. ಬೆಳಗಿನಿಂದ ನಿಲ್ಲದೆ ಚಿಪ್ ಬೆರೆಸುತ್ತಿದ್ದ ಅವರ ಬಲಗೈ ನಿಂತಿತು. “ಆಲ್ ಇನ್” ಎಂದರು, ಅಂದರೆ ಇದ್ದದ್ದೆಲ್ಲ ಪಣಕ್ಕೆ.

ಒಪ್ಪಬೇಕಾದರೆ ನನ್ನಲ್ಲಿ ಉಳಿದಿದ್ದ 45,500ನ್ನು ಪೂರ್ತಿ ಇಡಬೇಕು. ಲೆಕ್ಕ ಕಷ್ಟದ್ದೇನಲ್ಲ: ನೂರು ಸಲ ಹೀಗಾದರೆ ಮೂವತ್ತೊಂಬತ್ತು ಸಲ ನಾನು ಗೆಲ್ಲುವಂತಿದ್ದರೆ ಒಪ್ಪುವುದು ಸರಿ. ಆದರೆ ಗೆಲ್ಲುತ್ತೇನೆಯೇ ಎಂಬುದಕ್ಕೆ ಉತ್ತರ ಇದ್ದದ್ದು ಅವರ ಕೈಯಡಿಯ ಎರಡು ಎಲೆಗಳಲ್ಲಿ. ಅವರ ಹೆಬ್ಬೆರಳು ಆ ಎಲೆಗಳ ಅಂಚನ್ನು ಒತ್ತಿ ಹಿಡಿದಿತ್ತು. ಉಗುರು ಬೆಳ್ಳಗಾಗಿತ್ತು. ಅದು ಭಯವೋ, ದೊಡ್ಡ ಎಲೆ ಬಂದ ಉದ್ವೇಗವೋ? ಎರಡರಲ್ಲೂ ಉಗುರು ಬೆಳ್ಳಗಾಗುತ್ತದೆ. ಕಿವಿಯಲ್ಲಿ ನನ್ನದೇ ಎದೆಬಡಿತ ಕೇಳಿಸುತ್ತಿತ್ತು. ಸಮಯ ಮೀರುತ್ತಿದೆ, ನನಗೆ ಗಡುವು ಹಾಕಿ ಎಂದು ಮೇಜಿನ ಯಾರಾದರೂ ಕೇಳಬಹುದಿತ್ತು, ಯಾರೂ ಕೇಳಲಿಲ್ಲ. ಆ ಎಂಟು ಜನರ ಸೌಜನ್ಯಕ್ಕೆ ನಾನು ಋಣಿ.

ನಾನು ಎಲೆ ಮಡಚಿದೆ.

ಅವರು ತಲೆಯಾಡಿಸಿ, ತಮ್ಮ ಎರಡು ಎಲೆಗಳನ್ನು ಮುಚ್ಚಿದಂತೆಯೇ ಡೀಲರ್ ಕಡೆಗೆ ಜಾರಿಸಿದರು. ಪಣ ಒಪ್ಪದವನಿಗೆ ಎಲೆ ತೋರಿಸಬೇಕಾಗಿಲ್ಲ. ಡೀಲರ್ ಅವನ್ನು ಬಿಸಾಡಿದ ಎಲೆಗಳ ರಾಶಿಗೆ ಸೇರಿಸಿ, ಎಲ್ಲವನ್ನೂ ಕಲಸಿ, ಮುಂದಿನ ಆಟಕ್ಕೆ ಹಂಚತೊಡಗಿದರು. ಹತ್ತು ಸೆಕೆಂಡ್ ಹಿಡಿದಿರಬಹುದು. ಆ ಎಲೆಗಳು ಯಾವುವು ಎಂಬುದು ಆ ಹತ್ತು ಸೆಕೆಂಡಿನಲ್ಲಿ ಲೋಕದಿಂದಲೇ ಅಳಿಸಿಹೋಯಿತು.

ಪೋಕರನ್ನು ಟಿವಿಯಲ್ಲಿ ಮಾತ್ರ ನೋಡಿದವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಅಲ್ಲಿ ಮುಚ್ಚಿದ ಎಲೆಯೂ ಕಾಣುತ್ತದೆ. ಮುಚ್ಚಿದ ಎಲೆ ತೋರಿಸುವ ಆ ಕ್ಯಾಮೆರಾದ ಪೇಟೆಂಟ್ ಪಡೆದವರು ಹೆನ್ರಿ ಓರೆನ್‌ಸ್ಟೈನ್, ನಾಜಿಗಳ ಶಿಬಿರಗಳಲ್ಲಿ ಬದುಕುಳಿದು ಅಮೆರಿಕಕ್ಕೆ ಬಂದು ಆಟಿಕೆ ತಯಾರಕರಾದವರು. 2003ರ ಕೊನೆಯ ಸುತ್ತಿನಲ್ಲಿ ಮನಿಮೇಕರ್ ಎದುರಿಗಿದ್ದವರು ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ. ಫರ್ಹಾ ಬಳಿ ಒಂಬತ್ತರ ಜೋಡಿ. ಮನಿಮೇಕರ್ ಬಳಿ ಒಂದು ರಾಜನ ಹೊರತು ಏನೂ ಇಲ್ಲ. ಆದರೂ ಕೊನೆಯ ಎಲೆ ಬಿದ್ದ ಮೇಲೆ ಅವರು ಎಲ್ಲ ಚಿಪ್‌ಗಳನ್ನೂ ಮುಂದೆ ನೂಕಿದರು. ಫರ್ಹಾ ತುಂಬ ಹೊತ್ತು ಯೋಚಿಸಿ ಮಡಚಿದರು. ಗೆಲ್ಲುವ ಎಲೆಯನ್ನೇ ಬಿಟ್ಟೆನೆಂದು ಅವರಿಗೆ ತಿಳಿಯಿತು, ಜಗತ್ತಿಗೂ ತಿಳಿಯಿತು. ಎಂಥ ನೋವು ಅದು! ಆದರೂ ಅವರಿಗೆ ಗೊತ್ತಾಯಿತಲ್ಲ ಎಂದು ಕೆಲವು ರಾತ್ರಿ ನನಗೆ ಅನಿಸುತ್ತದೆ. ನನ್ನ ಮೇಜಿಗೆ ಕ್ಯಾಮೆರಾ ಇರಲಿಲ್ಲ.

ಆ ರಾತ್ರಿ ಉಳಿದ 38,200ನ್ನು ಎಣಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೆಸರು ಬರೆದು ಅಂಟಿಸಿಕೊಟ್ಟೆ. ಎರಡನೆಯ ದಿನದ ಕಥೆ ಚಿಕ್ಕದು. ಎಕ್ಕ ಮತ್ತು ರಾಜ ಬಂದಾಗ ಇದ್ದದ್ದನ್ನೆಲ್ಲ ಇಟ್ಟೆ, ಒಬ್ಬರು ರಾಣಿಯರ ಜೋಡಿಯಿಂದ ಒಪ್ಪಿದರು. ಟೂರ್ನಿಯಲ್ಲಿ ಹೀಗೆ ಪಣ ಒಪ್ಪಿದ ಮೇಲೆ ಇಬ್ಬರೂ ಎಲೆ ತೆರೆದಿಡಲೇಬೇಕು. ನೂರಕ್ಕೆ ಸುಮಾರು ನಲವತ್ಮೂರು ನನ್ನ ಪಾಲಿನ ಅವಕಾಶ. ಐದು ಎಲೆ ಬಿದ್ದವು. ಅದರಲ್ಲಿ ಎಕ್ಕವೂ ಇರಲಿಲ್ಲ, ರಾಜನೂ ಇರಲಿಲ್ಲ. ಎದ್ದು ನಿಂತು ಎಲ್ಲರ ಕೈ ಕುಲುಕಿದೆ. ಆ ಸೋಲು ಹೋಟೆಲಿನ ಕೋಣೆ ಸೇರುವಷ್ಟರಲ್ಲಿ ಮನಸ್ಸಿನಿಂದ ಇಳಿದುಹೋಗಿತ್ತು. ಎಲ್ಲ ಎಲೆಗಳೂ ತೆರೆದಿದ್ದವು, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಹೊರಗೆ ಹೋಗುವ ದಾರಿಯಲ್ಲಿ ಬಿಳಿ ಗಡ್ಡದ ಆ ಹಿರಿಯರು ಇನ್ನೊಂದು ಮೇಜಿನಲ್ಲಿ ಆಡುತ್ತಿರುವುದು ಕಾಣಿಸಿತು. ಒಂದು ಕ್ಷಣ ಅವರ ಹಿಂದೆ ನಿಂತೆ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಹೇಳಿದ್ದರೂ ಅದು ನಿಜವೆಂದು ನಂಬಬೇಕಾದ ಕಾರಣವಿರಲಿಲ್ಲ. ಕೇಳದೆ ಬಂದೆ.

ಮನೆಗೆ ಬಂದ ಮೇಲೆ ಒಂದು ಪೊಟ್ಟಣ ಎಲೆ ತೆಗೆದುಕೊಂಡು ಎಷ್ಟೋ ಸಲ ಆ ಐದನ್ನು ಹರಡಿ ಕುಳಿತಿದ್ದೇನೆ. ಕಣ್ಣಿಗೆ ಕಾಣದ ಆಟೀನ್‌ಗಳು ಹತ್ತು. ಅವುಗಳಿಂದ ನಲವತ್ತೈದು ಜೋಡಿ ಸಾಧ್ಯ. ಮೊದಲಿಗರಾಗಿ ಪಣ ಇಡುವ ಎಚ್ಚರದ ಆಟಗಾರ ಅದರಲ್ಲಿ ಹನ್ನೆರಡನ್ನು ಆಡಬಹುದು: ಎಕ್ಕ ಇರುವ ಒಂಬತ್ತು, ರಾಣಿ, ಗುಲಾಮ, ಹತ್ತರ ನಡುವಿನ ಮೂರು. ಮೂರು ರಾಜರು ಇರುವ ಸಾಧ್ಯತೆ ಇನ್ನು ಮೂರು. ಇವೆಲ್ಲಕ್ಕೂ ನಾನು ಸೋಲುತ್ತೇನೆ. ಆದರೆ ಅವರ ಬಳಿ ಎಕ್ಕದ ಜೋಡಿ ಇದ್ದು, ಅದರಲ್ಲೊಂದು ಆಟೀನ್ ಎಕ್ಕವಾಗಿದ್ದರೆ? ಆಗ ಅತಿ ದೊಡ್ಡ ಫ್ಲಶ್ ನನ್ನಲ್ಲಿಲ್ಲ ಎಂದು ಅವರಿಗೆ ಖಚಿತವಾಗಿ ಗೊತ್ತು. ನಿಂತ ಆ ಬಲಗೈ, ಬೆಳ್ಳಗಾದ ಆ ಉಗುರು, ಎಲ್ಲವೂ ನನ್ನನ್ನು ಹೆದರಿಸಿ ಓಡಿಸುವುದಕ್ಕೇ ಆಗಿರಬಹುದು. ಇಲ್ಲಿಗೆ ಬರುವಷ್ಟರಲ್ಲಿ ನನ್ನ ಲೆಕ್ಕ ನಿಲ್ಲುತ್ತದೆ, ಪ್ರತಿ ಸಲವೂ.

ಹಲಗೆ ನಿಮ್ಮ ಮುಂದಿದೆ. ಕೈಯಲ್ಲಿ ಎರಡು ಒಂಬತ್ತು, ಇಡಬೇಕಾದದ್ದು 45,500. ನಿಮ್ಮಲ್ಲಿ ಎಷ್ಟು ಜನ ಒಪ್ಪುತ್ತಿದ್ದಿರಿ ಎಂದು ಕೈ ಎತ್ತಿ ತೋರಿಸಿ. ಎತ್ತಿದವರು ಯಾಕೆಂದೂ ಹೇಳಬೇಕು. ನಾನು ಬರೆದುಕೊಳ್ಳುತ್ತೇನೆ.