ಡಬ್ಬಿ ಇಲ್ಲೇ ಇರಲಿ, ಕೇಳಿ ಬನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಿಡ್ಲ್ ಸ್ಕೂಲ್ ಮಕ್ಕಳಿಗೆ ಉದ್ಯಮಶೀಲತೆ ಕಲಿಸೋಣ ಎಂದರೆ ಹಲವರು ಹುಬ್ಬೇರಿಸುತ್ತಾರೆ. ಇಷ್ಟು ಬೇಗ ದುಡ್ಡಿನ ಹಿಂದೆ ಓಡಿಸಬೇಕೇ ಎಂಬ ಆತಂಕ ಅವರದು. ಆದರೆ ಐರೋಪ್ಯ ಒಕ್ಕೂಟದ ಆಡಳಿತ ಸಂಸ್ಥೆಯಾದ ಐರೋಪ್ಯ ಆಯೋಗ 2016ರಲ್ಲಿ ಉದ್ಯಮಶೀಲತೆಗೆ ಬೇಕಾದ 15 ಸಾಮರ್ಥ್ಯಗಳನ್ನು ಪಟ್ಟಿ ಮಾಡಿದಾಗ, ಹಣಕಾಸಿನ ತಿಳಿವಳಿಕೆ ಅದರಲ್ಲಿ ಒಂದು ಮಾತ್ರ. ಅವಕಾಶ ಗುರುತಿಸುವುದು, ಇತರರೊಡನೆ ಕೂಡಿ ದುಡಿಯುವುದು, ಮುಂದೇನಾಗುವುದೋ ತಿಳಿಯದಾಗಲೂ ಹೆಜ್ಜೆಯಿಡುವುದು, ಅನುಭವದಿಂದ ಕಲಿಯುವುದು, ಇವೆಲ್ಲ ಅಲ್ಲಿವೆ. ಇವನ್ನು ಬಾಯಿಪಾಠ ಮಾಡಿಸಲಾದೀತೇ? ಅದಕ್ಕೇ ಬೇಕು ಸಕ್ರಿಯ ಕಲಿಕೆ, ಅಂದರೆ ಮಕ್ಕಳು ತಾವೇ ಮಾಡಿ ನೋಡಿ ಕಲಿಯುವುದು.

ಒಂದು ತರಗತಿಯನ್ನು ಕಣ್ಣಮುಂದೆ ತಂದುಕೊಳ್ಳಿ. ನಾಲ್ವರು ಮಕ್ಕಳು ರಟ್ಟಿನಿಂದ ಪೆನ್ಸಿಲ್ ಡಬ್ಬಿ ಮಾಡಿದ್ದಾರೆ. ಪಕ್ಕದ ತರಗತಿಗೆ ಹೋಗಿ ‘ಚೆನ್ನಾಗಿದೆಯಾ?’ ಎಂದು ಕೇಳುತ್ತಾರೆ. ಎಲ್ಲರೂ ‘ಚೆನ್ನಾಗಿದೆ’ ಅನ್ನುತ್ತಾರೆ. ಗೆಳೆಯರ ಮುಖ ನೋಡಿಕೊಂಡು ಇನ್ನೇನು ಹೇಳಿಯಾರು? ಮಕ್ಕಳು ಹಿಗ್ಗುತ್ತ ಬರುತ್ತಾರೆ, ಕಲಿತದ್ದು ಏನೂ ಇಲ್ಲ. ಆಗ ಶಿಕ್ಷಕಿ ಹೇಳುವುದು ಇಷ್ಟೇ: ‘ಡಬ್ಬಿ ಇಲ್ಲೇ ಇರಲಿ. ನಿಮ್ಮ ಪೆನ್ಸಿಲ್ ಕೊನೇ ಸಲ ಕಳೆದದ್ದು ಯಾವಾಗ, ಹೇಗೆ ಅಂತ ಕೇಳಿ ಬನ್ನಿ.’

ಈಗ ನೋಟ್‌ಬುಕ್ ತುಂಬುತ್ತದೆ. ಮೇಜಿನಿಂದ ಉರುಳಿ ಬಿತ್ತು. ತಗೊಂಡವನು ವಾಪಸ್ ಕೊಡಲಿಲ್ಲ. ಡಬ್ಬಿ ಇದ್ದವರ ಪೆನ್ಸಿಲೂ ಕಳೆದಿದೆ! ಗುಂಪಿನ ಹುಡುಗಿಯೊಬ್ಬಳು ಡಬ್ಬಿ ಬದಿಗಿಟ್ಟು, ಪೆನ್ಸಿಲ್ ತುದಿಗೆ ಬಾವುಟದಂತೆ ಅಂಟಿಸುವ ಹೆಸರಿನ ಚೀಟಿ ಕತ್ತರಿಸತೊಡಗುತ್ತಾಳೆ. ಹೆಸರೂ ಆಯಿತು, ಉರುಳುವುದೂ ನಿಂತಿತು. ಬಳಸುವವರ ತೊಂದರೆಯಿಂದ ವಸ್ತು ಹುಟ್ಟಬೇಕು ಎಂಬ ಪಾಠ ಅವಳಿಗೆ ಯಾರೂ ಹೇಳದೆಯೇ ಸಿಕ್ಕಿದೆ.

ಶಿಕ್ಷಕರೇ, ಇಲ್ಲಿ ನಿಮ್ಮ ಪಾಲಿನ ಕಷ್ಟದ ಕೆಲಸ ಸುಮ್ಮನಿರುವುದು. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ, ಆದರೂ ತಡೆದುಕೊಳ್ಳಬೇಕು. ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಡುವುದೂ ಅಲ್ಲ. ಸರಿಯಾದ ಹೊತ್ತಿಗೆ ಒಂದು ಪ್ರಶ್ನೆ ಕೇಳಲೇಬೇಕು. ಮಾಡುತ್ತ ಕಲಿಯುವುದು ಹೊಸದೇನಲ್ಲ: ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋದಲ್ಲಿ ತೆರೆದ ಪ್ರಾಯೋಗಿಕ ಶಾಲೆಯಲ್ಲಿ ಮಕ್ಕಳು ಅಡುಗೆ, ನೇಯ್ಗೆ, ಮರಗೆಲಸದ ಮೂಲಕವೇ ಪಾಠ ಕಲಿಯುತ್ತಿದ್ದರು.

ಇನ್ನು ಅಂಕದ ವಿಚಾರ. ದಯವಿಟ್ಟು ಮಾರಾಟದ ಲಾಭಕ್ಕೆ ಅಂಕ ಕೊಡಬೇಡಿ. ಮನೆಯವರೇ ಎಲ್ಲವನ್ನೂ ಕೊಂಡುಕೊಂಡ ಮಗು ಗೆದ್ದುಬಿಡುತ್ತದೆ, ನಾಚಿಕೆಯ ಮಗು ಸೋತೆನೆಂದು ಕುಗ್ಗುತ್ತದೆ. ನಾನು ಏನೆಂದುಕೊಂಡಿದ್ದೆ, ಜನ ಏನಂದರು, ನಾನು ಏನು ಬದಲಿಸಿದೆ ಎಂದು ಮಗು ಬರೆದ ಪುಟವನ್ನು ಓದಿ, ಅದಕ್ಕೆ ಅಂಕ ಕೊಡಿ.

ಆ ಹುಡುಗಿಯ ಮೊದಲ ಚೀಟಿ ಎರಡೇ ದಿನಕ್ಕೆ ಹರಿಯಿತು ಅನ್ನಿ. ಯಾಕೆ ಹರಿಯಿತು ಎಂದು ಅವಳು ಬರೆದ ಪುಟಕ್ಕೇ ಅಂಕ ಬೀಳಲಿ.

ನಮಸ್ಕಾರ.