ಸಹಿಗೆ ಮೊದಲು ಒಂದು ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆ, ಮುಂಬೈ, ಗೋವಾ ಕಡೆಯ ಕನ್ನಡಿಗರು ನನ್ನನ್ನು ಎಲ್ಲಿ ಕಂಡರೂ ಒಂದೇ ಪ್ರಶ್ನೆ ಕೇಳುತ್ತಾರೆ. ಸಂಘದ ಕಾರ್ಯಕ್ರಮವಿರಲಿ, ಮದುವೆ ಊಟದ ಪಂಕ್ತಿ ಇರಲಿ. "ವಕೀಲರೇ, ಸರ್ಕಾರ ಫ್ಯಾಕ್ಟರಿಗೆ ಅಂತ ನಮ್ಮ ಜಮೀನು ತಗೊಳ್ತಿದೆ. ಸ್ಟೇ ತರಬಹುದಾ?"

ತರಬಹುದು. ಅದು ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಬೇರೆ ಮಾತು. ಬಾನುಲಿಯವರು ಇವತ್ತು ನನಗೆ ಸಮಯ ಕೊಟ್ಟಿದ್ದಾರೆ. ಹಾಗಾಗಿ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ. ಸ್ಟೇ ಹಿಂದೆ ಓಡುವುದರಲ್ಲೇ ನಮ್ಮವರು ಅರ್ಧ ಶಕ್ತಿ ಕಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ನಿಜವಾಗಿ ಗೆಲ್ಲಬಹುದಾದ ಜಗಳ ಕೈತಪ್ಪಿ ಹೋಗಿರುತ್ತದೆ.

ಆಸ್ತಿಯ ಹಕ್ಕು ಒಂದು ಕಾಲದಲ್ಲಿ ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಈಗ ಉಳಿದಿರುವುದು ಸಂವಿಧಾನದ 300ಎ ವಿಧಿ. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ, ಅಷ್ಟೇ ಅದು ಹೇಳುವುದು. ಆಧಾರ ಇದ್ದರೆ ತೆಗೆದುಕೊಳ್ಳಬಹುದು. ಕೈಗಾರಿಕೆಗೆ ಅಂದರೆ ಸಾರ್ವಜನಿಕ ಉದ್ದೇಶ ಎಂದು ಕೋರ್ಟುಗಳು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತವೆ.

ಹಾಗಾದರೆ ಯಾವ ಯೋಜನೆಯೂ ನಿಂತೇ ಇಲ್ಲವಾ? ನಿಂತಿವೆ. ರಾಯಗಢದ ಮಹಾಮುಂಬೈ ವಿಶೇಷ ಆರ್ಥಿಕ ವಲಯ ನಿಂತಿತು. ಪೆಣ್ ತಾಲೂಕಿನ 22 ಹಳ್ಳಿಗಳಲ್ಲಿ 2008ರ ಸೆಪ್ಟೆಂಬರಿನಲ್ಲಿ ಜನಮತ ಕೇಳಬೇಕಾಯಿತು. ಭೂಸ್ವಾಧೀನ ಕಾಯ್ದೆ ಗೊತ್ತುಪಡಿಸಿದ್ದ ಎರಡು ವರ್ಷದ ಗಡುವಿನೊಳಗೆ ಕೆಲಸ ಮುಗಿಯಲಿಲ್ಲ, ಸ್ವಾಧೀನ ತಾನಾಗಿ ಬಿದ್ದುಹೋಯಿತು. ಗೋವಾದಲ್ಲಿ ಜನ ಬೀದಿಗಿಳಿದ ಮೇಲೆ 2007ರ ಕೊನೆಯಲ್ಲಿ ಸರ್ಕಾರವೇ ಅಂಥ ವಲಯಗಳನ್ನು ಕೈಬಿಟ್ಟಿತು. ಆದರೆ ಗಮನಿಸಿ, ಅಲ್ಲೆಲ್ಲ ಊರಿಗೆ ಊರೇ ಎದ್ದು ನಿಂತಿತ್ತು. ನಿಮ್ಮ ಒಂದೂವರೆ ಎಕರೆಗಾಗಿ ನೀವೊಬ್ಬರೇ ಹಾಕಿದ ಕೇಸಿಗೆ ಆ ಬಲ ಇರುವುದಿಲ್ಲ.

ನಿಮ್ಮ ಕೈಯಲ್ಲಿರುವ ಜಗಳ ಬೆಲೆಯದು. ಆ ಜಗಳ ನಡೆಯುವುದು ಕೋರ್ಟಿನಲ್ಲಾದರೂ ಅದರ ಬಾಗಿಲು ತೆರೆಯುವುದೋ ಮುಚ್ಚುವುದೋ ಭೂಸ್ವಾಧೀನ ಕಚೇರಿಯ ಮೇಜಿನ ಮೇಲೆ, ನೀವು ಚೆಕ್ಕು ತೆಗೆದುಕೊಂಡು ಸಹಿ ಮಾಡುವ ಹೊತ್ತಿಗೆ. ಹಣ ಬೇಡ ಅನ್ನಬೇಡಿ, ತೆಗೆದುಕೊಳ್ಳಿ. ಆದರೆ ಸಹಿಗೆ ಮೊದಲು ಒಂದು ಸಾಲು ಬರೆಯಿರಿ: "ಈ ಮೊತ್ತ ಸಾಲದು, ತಕರಾರು ಕಾಯ್ದಿರಿಸಿಕೊಂಡು ಪಡೆದಿದ್ದೇನೆ." ಕೋರ್ಟಿನ ಭಾಷೆಯಲ್ಲಿ ಅಂಡರ್ ಪ್ರೊಟೆಸ್ಟ್. 1894ರ ಹಳೇ ಭೂಸ್ವಾಧೀನ ಕಾಯ್ದೆಯಲ್ಲಿ ಇದು ಇತ್ತು, 2013ರ ಹೊಸ ಕಾಯ್ದೆಯ 77ನೇ ಕಲಮಿನಲ್ಲೂ ಇದೆ. ತಕರಾರಿಲ್ಲದೆ ಹಣ ಪಡೆದವರು ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕುವಂತಿಲ್ಲ.

ಹಣವನ್ನೇ ಮುಟ್ಟುವುದಿಲ್ಲ ಎಂದು ಹಟ ಹಿಡಿಯುವವರೂ ಇದ್ದಾರೆ. ಅದೂ ಲಾಭವಿಲ್ಲ. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇಂದೋರ್ ಪ್ರಕರಣದಲ್ಲಿ ಇದನ್ನು ಖಚಿತ ಮಾಡಿತು. ಕೊಡಲು ಬಂದ ಹಣವನ್ನು ಬೇಡ ಎಂದವರು ಆಮೇಲೆ "ಹಣವೇ ಕೊಟ್ಟಿಲ್ಲ, ಸ್ವಾಧೀನ ರದ್ದಾಯಿತು" ಎಂದು ವಾದಿಸುವಂತಿಲ್ಲ.

ಈಗ ಒಂದು ಕತೆ ಹೇಳಬೇಕು. ಇದು ನನಗೆ ತುಂಬಾ ಇಷ್ಟದ ಕೇಸು. ನನ್ನ ಮನೆಯವರು ಕೇಳಿ ಕೇಳಿ ಬೇಸತ್ತಿದ್ದಾರೆ, ನೀವಾದರೂ ಕೇಳಿ.

ಪುಣೆ ಜಿಲ್ಲೆಯ ಒಂದು ತಾಲೂಕು. ಇಬ್ಬರು ಅಣ್ಣತಮ್ಮಂದಿರು. ಅವರ ಅಜ್ಜ ಬಾವಿ ತೋಡುವ ಕೆಲಸಕ್ಕೆ ವಿಜಯಪುರದ ಕಡೆಯಿಂದ ಬಂದವರು. ಊರವರ ಬಾವಿಗಳನ್ನೆಲ್ಲ ತೋಡಿ, ಕೊನೆಗೆ ಅಲ್ಲೇ ಒಂದಿಷ್ಟು ಒಣಭೂಮಿ ಕೊಂಡು, ತಮಗೂ ಒಂದು ಬಾವಿ ತೋಡಿಕೊಂಡರು. ಮೊಮ್ಮಕ್ಕಳ ಕಾಲಕ್ಕೆ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಸಾತ್ ಬಾರಾದಲ್ಲಿ, ಅಂದರೆ ಮಹಾರಾಷ್ಟ್ರದ ಪಹಣಿಯಲ್ಲಿ, ಇಬ್ಬರಿಗೂ ಸಮಪಾಲು. ಹಳೇ ಕಾಯ್ದೆ ಇನ್ನೂ ಜಾರಿಯಲ್ಲಿದ್ದ ಕಾಲ. ಕಾರ್ಖಾನೆಗೆಂದು ಆ ಗಟ್ ನಂಬರು, ಅಂದರೆ ಸರ್ವೆ ನಂಬರು, ಪೂರ್ತಿ ಹೋಯಿತು.

ಮೋಜಣಿಗೆ ಬಂದವರು ಪಂಚನಾಮೆಯಲ್ಲಿ ನಾಲ್ಕು ಬೇವಿನ ಮರ ಬರೆದರು, ಪೈಪ್‌ಲೈನ್ ಬರೆದರು. ಬಾವಿ ಬರೆಯಲಿಲ್ಲ. ಯಾಕೆ? ಅಣ್ಣ "ಬಾವಿ ನನ್ನದು" ಅಂದ, ತಮ್ಮ "ಅಜ್ಜನದು, ಇಬ್ಬರದೂ" ಅಂದ. ಜಗಳ ಬಿಡಿಸುವ ಉಸಾಬರಿ ಯಾಕೆ ಎಂದು ಬಂದವರು ಆ ಕಾಲಮನ್ನು ಖಾಲಿ ಬಿಟ್ಟು ಹೊರಟರು! ಅವತ್ತಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು.

ಚೆಕ್ಕು ಕೊಡುವ ದಿನ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿದ್ದರು. ನಡುವೆ ಬೇರೆ ಇಬ್ಬರನ್ನು ಬಿಟ್ಟು. ಅಣ್ಣನಿಗೆ ಮಗಳ ಮದುವೆಯ ಅವಸರ. ತೋರಿಸಿದ ಕಡೆ ಸಹಿ ಹಾಕಿ, ಚೆಕ್ಕು ಜೇಬಿಗಿಳಿಸಿ ನಡೆದ. ತಮ್ಮ ಕಲಿತದ್ದು ಗಡಿಯ ಕನ್ನಡ ಶಾಲೆಯಲ್ಲಿ, ನಾಲ್ಕನೇ ಇಯತ್ತೆವರೆಗೆ, ಅಜ್ಜಿಯ ಮನೆಯಲ್ಲಿದ್ದುಕೊಂಡು. ಮರಾಠಿ ಚೆನ್ನಾಗಿ ಆಡುತ್ತಾನೆ, ಬರೆಯಲು ಬಾರದು. ರಸೀದಿಯಲ್ಲಿ ಸಹಿಯ ಮೇಲೆ ದಪ್ಪಕ್ಷರದ ಕನ್ನಡದಲ್ಲಿ ಬರೆದ: "ಈ ರೊಕ್ಕ ಕಡಿಮಿ ಆತು. ನಂದು ತಕರಾರ ಐತಿ." ಗುಮಾಸ್ತರು ನೋಡಿದರು. ಉದ್ದನೆಯ ಹೆಸರಿರಬೇಕು ಅಂದುಕೊಂಡರೋ ಏನೋ, ಸಿಕ್ಕಾ ಹೊಡೆದು ಚೆಕ್ಕು ಕೊಟ್ಟರು.

ಆಮೇಲೆ ತಮ್ಮ ನನ್ನ ಹತ್ತಿರ ಬಂದ. ಆರು ವಾರದೊಳಗೆ ಅರ್ಜಿ ಹಾಕಿದೆವು, ಕಲೆಕ್ಟರ್ ಮೂಲಕ ವಿಷಯ ಕೋರ್ಟಿಗೆ ಹೋಯಿತು. ಸರ್ಕಾರಿ ವಕೀಲರು ಎದ್ದು ನಿಂತವರೇ, "ಇವರು ಹಣ ಪಡೆದಿದ್ದಾರೆ, ತಕರಾರು ಬರೆದಿಲ್ಲ, ಅರ್ಜಿ ವಜಾ ಮಾಡಿ" ಅಂದರು. ನಾನು ಮೂಲ ರಸೀದಿ ತರಿಸಿ ಅಂದೆ. ಬಂತು. ನ್ಯಾಯಾಧೀಶರು ಕನ್ನಡಕ ಏರಿಸಿ ನೋಡಿದರು, ಕಾಗದ ತಿರುಗಿಸಿಯೂ ನೋಡಿದರು. "ಹೀ ಸಹೀ ಆಹೇ ಕಾ?" ಇದು ಸಹಿಯೇ ಎಂದು ಕೇಳಿದರು. ಪ್ರಮಾಣಪತ್ರದ ಜೊತೆ ಆ ಸಾಲು ಏನೆಂದು ದಾಖಲಿಸಿದೆವು. ಸರ್ಕಾರಿ ವಕೀಲರು ಕೂತುಬಿಟ್ಟರು.

ಬಾಗಿಲು ತೆರೆಯಿತು. ಮುಂದಿನದು ದಾಖಲೆಯ ಕೆಲಸ. ಅಧಿಸೂಚನೆಗೆ ಕೆಲವೇ ತಿಂಗಳ ಮುಂಚೆ ಅದೇ ರಸ್ತೆಯಲ್ಲಿ ಒಂದು ಮಂಗಲ ಕಾರ್ಯಾಲಯದವರು ಜಾಗ ಕೊಂಡಿದ್ದರು. ಆ ಖರೀದಿ ಪತ್ರದ ನಕಲು ತೆಗೆಸಿದೆವು. ಬಾವಿಯ ಫೋಟೋ, ಕರೆಂಟ್ ಬಿಲ್ಲು, ಪಕ್ಕದ ರೈತರ ಸಾಕ್ಷಿ. ಕೋರ್ಟು ದರವನ್ನು ಮೂರು ಪಟ್ಟಿಗಿಂತ ಜಾಸ್ತಿ ಏರಿಸಿತು, ಬಾವಿಗೂ ಬೆಲೆ ಕಟ್ಟಿತು. ಅದರ ಮೇಲೆ ಬಡ್ಡಿ. ಬಡ್ಡಿಯ ಲೆಕ್ಕ ನೆನಪಿಡಿ: ಜಮೀನಿನ ಕಬ್ಜಾ ಹೋದ ಮೊದಲ ವರ್ಷಕ್ಕೆ ನೂರಕ್ಕೆ 9, ಅಲ್ಲಿಂದಾಚೆ 15. ಹೊಸ ಕಾಯ್ದೆಯಲ್ಲೂ ಇದೇ ದರ. ತಡವಾದಷ್ಟೂ ಸರ್ಕಾರಕ್ಕೇ ಭಾರ.

ಅಣ್ಣನ ಗತಿ? ಅವನಿಗೂ ಕಾನೂನು ಒಂದು ಕಿಟಕಿ ಇಟ್ಟಿತ್ತು. ಹಳೇ ಕಾಯ್ದೆಯ 28ಎ, ಈಗಿನದರಲ್ಲಿ 73ನೇ ಕಲಮು. ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ಪಕ್ಕದವರಿಗೆ ಕೋರ್ಟು ದರ ಏರಿಸಿದರೆ, ಕೋರ್ಟಿಗೆ ಹೋಗದೆ ಉಳಿದವರೂ ಮೂರು ತಿಂಗಳೊಳಗೆ "ನನಗೂ ಅದೇ ದರ ಕೊಡಿ" ಎಂದು ಕಲೆಕ್ಟರ್‌ಗೆ ಬರೆಯಬಹುದು. ತಕರಾರು ಬರೆಯದೆ ಹಣ ಪಡೆದವರಿಗೂ ಇದು ಸಿಗುತ್ತದೆ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮೂರೇ ತಿಂಗಳು, ಅಷ್ಟೇ. ಆದರೆ ಅಣ್ಣತಮ್ಮಂದಿರಿಗೆ ಮಾತೇ ಇಲ್ಲವಲ್ಲ! ತಮ್ಮ ಹೇಳಲಿಲ್ಲ. ಅಣ್ಣನಿಗೆ ಗೊತ್ತಾದದ್ದು ತಮ್ಮ ಟ್ರ್ಯಾಕ್ಟರ್ ಕೊಂಡು ಪೇಢೆ ಹಂಚಿದಾಗ. ನನ್ನ ಆಫೀಸಿಗೆ ಓಡಿ ಬರುವಷ್ಟರಲ್ಲಿ ಐದನೇ ತಿಂಗಳು ನಡೆಯುತ್ತಿತ್ತು. ಅದೇ ಮಣ್ಣು, ಅದೇ ಅಜ್ಜ, ಅದೇ ಬಾವಿ. ಒಬ್ಬನಿಗೆ ಮೂರು ಪಾಲು, ಒಬ್ಬನಿಗೆ ಒಂದು. ಸುಮ್ನೆ ಒಂದು ಸಾಲು ಬರೆಯದೆ.

ಸರಿ. ಕತೆ ಉದ್ದವಾಯಿತು, ಕೈಯಲ್ಲಿರುವ ಹಾಳೆಗಳು ಜಾಸ್ತಿ ಉಳಿದಿಲ್ಲ. ಬೇಗ ಬೇಗ ಹೇಳುತ್ತೇನೆ.

ಮಹಾರಾಷ್ಟ್ರದಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಹೆಚ್ಚಾಗಿ 1961ರ ಔದ್ಯೋಗಿಕ ವಿಕಾಸ ಕಾಯ್ದೆಯಲ್ಲಿ. ಪುಣೆ ಹತ್ತಿರದ ಪುರಂದರ ವಿಮಾನ ನಿಲ್ದಾಣಕ್ಕೆ ಏಳು ಹಳ್ಳಿಗಳಿಗೆ ಹೋದ ನೋಟೀಸೂ ಇದರಲ್ಲೇ. ಮೊದಲು ಬರುವುದು 32(2)ನೇ ಕಲಮಿನ ನೋಟೀಸು. ಯಾಕೆ ತೆಗೆದುಕೊಳ್ಳಬಾರದು, ಹೇಳಿ ಅನ್ನುತ್ತದೆ ಅದು. ಉತ್ತರ ಕೊಡಿ, ಲಿಖಿತವಾಗಿ ಕೊಡಿ. ಆಮೇಲೆ ಗೆಜೆಟ್‌ನಲ್ಲಿ 32(1) ಬಂತೆಂದರೆ ಅವತ್ತೇ ಜಮೀನು ಸರ್ಕಾರದ್ದು. ಕಬ್ಜಾ ಬಿಡಲು 30 ದಿನದ ನೋಟೀಸು, ಅಷ್ಟೇ.

ಆಮೇಲೆ ಬೆಲೆಯ ಮಾತುಕತೆಗೆ ಕರೆಯುತ್ತಾರೆ. ಇಲ್ಲಿ ಹುಷಾರು. ಒಪ್ಪಂದದ ದರಕ್ಕೆ ಸಹಿ ಹಾಕಿದರೆ ಆಮೇಲೆ ಕೋರ್ಟಿಲ್ಲ. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಒಪ್ಪಿಕೊಂಡು ಹಣ ಪಡೆದವನು ಮತ್ತೆ ಜಾಸ್ತಿ ಕೇಳುವಂತಿಲ್ಲ. ದರ ಚೆನ್ನಾಗಿದೆ ಅನ್ನಿಸಿದರೆ ಒಪ್ಪಿ, ಅದು ನಿಮ್ಮ ಲೆಕ್ಕಾಚಾರ. ಆದರೆ "ಈಗ ಸಹಿ ಹಾಕಿ, ಆಮೇಲೆ ನೋಡೋಣ" ಎಂದು ಯಾವ ಏಜೆಂಟ್ ಹೇಳಿದರೂ ನಂಬಬೇಡಿ. ಆಮೇಲೆ ನೋಡಲು ಏನೂ ಇರುವುದಿಲ್ಲ.

ಇನ್ನೊಂದು, ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. 2013ರ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆ ಗೊತ್ತು ಮಾಡುವಾಗ ಸುತ್ತಮುತ್ತಲಿನ ಹಿಂದಿನ ಮೂರು ವರ್ಷದ ಖರೀದಿ ಪತ್ರ ನೋಡುತ್ತಾರೆ. ಅವುಗಳಲ್ಲಿ ಹೆಚ್ಚಿನ ದರದ ಅರ್ಧಭಾಗದ ಸರಾಸರಿ ಹಿಡಿಯುತ್ತಾರೆ. ಹಳ್ಳಿಯ ಜಮೀನಾದರೆ ಅದನ್ನು ಎರಡು ಪಟ್ಟುವರೆಗೆ ಏರಿಸಬಹುದು, ಬಂದದ್ದಕ್ಕೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಸ್ಟಾಂಪ್ ಡ್ಯೂಟಿ ಉಳಿಸಲು ನೀವೆಲ್ಲ ಅರ್ಧ ಚೆಕ್ಕು, ಅರ್ಧ ಕ್ಯಾಶ್ ಮಾಡಿ ಕಡಿಮೆ ಬೆಲೆಗೆ ನೋಂದಣಿ ಮಾಡಿಸಿರುತ್ತೀರಿ. ಆ ಕಡಿಮೆ ಬೆಲೆಯೇ ಈಗ ಇಡೀ ಊರಿನ ಪರಿಹಾರದ ಅಳತೆಗೋಲು. ಕೋರ್ಟಿನ ಮುಂದೆ ನಿಂತು "ನಿಜವಾದ ಬೆಲೆ ಬೇರೆ ಇತ್ತು ಸ್ವಾಮಿ" ಎಂದು ನಾನು ಹೇಗೆ ಹೇಳಲಿ?

ಮುಂಬೈ, ಡೊಂಬಿವಲಿ, ವಾಸ್ಕೋದಲ್ಲಿದ್ದುಕೊಂಡು ಊರಲ್ಲಿ ಜಾಗ ಇಟ್ಟಿರುವವರಿಗೆ ಒಂದು ಮಾತು. ಉಡುಪಿಯಿರಲಿ, ಧಾರವಾಡವಿರಲಿ, ಕಲಬುರಗಿಯಿರಲಿ, ನಿಮ್ಮ ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ನೋಟೀಸು ಅಜ್ಜನ ಹೆಸರಿಗೆ ಬರುತ್ತದೆ, ಬೀಗ ಹಾಕಿದ ಬಾಗಿಲಿಗೆ ಅಂಟುತ್ತದೆ. ಅಲ್ಲಿ ಕೈಗಾರಿಕೆಗೆ ನಡೆಯುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, ಜನ ಕೆಐಎಡಿಬಿ ಕಾಯ್ದೆ ಅನ್ನುತ್ತಾರೆ. 28(1)ರ ಮೊದಲ ಅಧಿಸೂಚನೆ ಬಂದಾಗ ಆಕ್ಷೇಪಣೆ ಹಾಕಬಹುದು. 28(4)ರ ಅಂತಿಮ ಅಧಿಸೂಚನೆ ಬಂದರೆ ಜಮೀನು ಹೋಯಿತು. ಮುಂದಿನ ಸಲ ಜಾತ್ರೆಗೋ ಕೋಲಕ್ಕೋ ಊರಿಗೆ ಹೋದಾಗ ಪೌತಿ ಖಾತೆ ಮಾಡಿಸಿಕೊಂಡು ಬನ್ನಿ. ಇಲ್ಲಿನವರೂ ಅಷ್ಟೇ, ಸಾತ್ ಬಾರಾದ "ಇತರ ಹಕ್ಕು" ಕಾಲಮನ್ನು ಆಗಾಗ ನೋಡುತ್ತಿರಿ. ಸ್ವಾಧೀನದ ಸಿಕ್ಕಾ ಬೀಳುವುದು ಅಲ್ಲೇ.

ಕೇಸು ವರ್ಷಗಟ್ಟಲೆ ಎಳೆಯುತ್ತದೆ ಎಂದು ಹೆದರುತ್ತೀರಿ. ಎಳೆಯುತ್ತದೆ, ಸುಳ್ಳು ಹೇಳುವುದಿಲ್ಲ. ಪುಣೆಯ ಪಾಷಾಣ್ ಪ್ರದೇಶದಲ್ಲಿ ಒಂದು ಕುಟುಂಬ 1950ರಲ್ಲಿ ಕೊಂಡ ಜಮೀನನ್ನು ಸರ್ಕಾರ 1963ರಲ್ಲಿ ಹಿಡಿಯಿತು. ಆಮೇಲೆ ಬದಲಿಗೆ ಕೊಟ್ಟದ್ದು ಅರಣ್ಯ ಭೂಮಿ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಪರಿಹಾರ ಕೊಡದಿದ್ದರೆ ಮಹಿಳೆಯರಿಗೆ ಹಣ ಕೊಡುವ ನಿಮ್ಮ ಲಾಡ್ಕಿ ಬಹೀಣ್ ಯೋಜನೆಯನ್ನೇ ನಿಲ್ಲಿಸಬೇಕಾಗುತ್ತದೆ ಎಂದು ಗದರಿಸಿದ ಮೇಲೆ ಕಡತ ಓಡಿತು. ನವಿ ಮುಂಬೈಯವರಿಗೆ ಇದು ಹೊಸದಲ್ಲ. 1984ರ ಜನವರಿಯಲ್ಲಿ ಉರಣ್ ಕಡೆ ಜಮೀನಿಗಾಗಿ ಐವರು ಪ್ರಾಣ ಕೊಟ್ಟ ಹೋರಾಟದ ಫಲವಾಗಿಯೇ ಮುಂದೆ ಅಭಿವೃದ್ಧಿಪಡಿಸಿದ ಜಾಗದ ಹನ್ನೆರಡೂವರೆ ಶೇಕಡಾ ಭೂಮಿಪುತ್ರರಿಗೆ ವಾಪಸು ಸಿಗುವಂತಾಯಿತು. ಆ ಹೋರಾಟದ ನಾಯಕ ದಿ. ಬಾ. ಪಾಟೀಲರ ಬಗ್ಗೆ ಹೇಳಲು ಇನ್ನೊಂದು ಭಾಷಣವೇ ಬೇಕು. ಬಿಡಿ.

ಕೊನೆಗೆ ಅರ್ಜಿಯ ವಿಷಯ. ಹೆಚ್ಚಿನ ಪರಿಹಾರದ ಅರ್ಜಿಯನ್ನು ನೇರ ಕೋರ್ಟಿಗೆ ಕೊಡುವುದಲ್ಲ, ಕಲೆಕ್ಟರ್‌ಗೆ ಕೊಡಬೇಕು. 2013ರ ಕಾಯ್ದೆಯಲ್ಲಿ ಕಲೆಕ್ಟರ್ ಪರಿಹಾರದ ತೀರ್ಪು ಹೇಳುವಾಗ ನೀವು ಅಲ್ಲಿದ್ದರೆ ಆರು ವಾರ. ಬೇರೆ ಕಾಯ್ದೆಗೆ ಬೇರೆ ಗಡುವು, ಚೆಕ್ಕು ಕೈಗೆ ಬಂದ ವಾರವೇ ವಕೀಲರನ್ನು ನೋಡಿ. ತಕರಾರು ಬರೆದ ರಸೀದಿಯನ್ನು ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಆವಕ ಸಿಕ್ಕಾ, ಅಂದರೆ ಅರ್ಜಿ ಬಂತೆಂಬ ಮುದ್ರೆ ಹಾಕಿಸಿಕೊಳ್ಳಿ, ತಾರೀಖು ಕಾಣುವ ಹಾಗೆ. ದೂರದಲ್ಲಿದ್ದವರು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ ಎಂದು ಮಾತ್ರ ನನ್ನ ಹತ್ತಿರ ಬರಬೇಡಿ. ನಮಸ್ಕಾರ.